ಬಾಗಿಲಿಂದ ಬಾಗಿಲಿಗೆ ಲೆಕ್ಕ

ಅಳಿಯಾ,

ಅಂಡಮಾನಿನದೊಂದು, ಲಕ್ಷದ್ವೀಪದ್ದೊಂದು ಪ್ಯಾಕೇಜಿನ ಕಾಗದ ತಂದುಕೊಟ್ಟು “ಮಾವ, ಯಾವುದು ಅಗ್ಗ ಅಂತ ನೀವೇ ಹೇಳಿ” ಅಂದೆಯಲ್ಲ, ಅದಕ್ಕೆ ನಿಂತಲ್ಲೇ ಹೇಳುವಂಥ ಉತ್ತರವಿಲ್ಲ. ಬರೆದೇ ಕೊಡುತ್ತೇನೆ. ನೀನೂ ಓದು, ನಿನ್ನ ಹೆಂಡತಿಗೂ ಓದಲು ಕೊಡು. ಹೋಗುವವರು ಇಬ್ಬರಾದ ಮೇಲೆ ಲೆಕ್ಕ ಒಬ್ಬನ ಜೇಬಿನಲ್ಲಿ ಇರಬಾರದು.

ಆ ಎರಡೂ ಕಾಗದದ ದರ ಮಾಲೇಗಾಂವಿನವರಿಗಾಗಿ ಬರೆದದ್ದಲ್ಲ. ಒಂದು ಪೋರ್ಟ್ ಬ್ಲೇರಿನಿಂದ ಪೋರ್ಟ್ ಬ್ಲೇರಿಗೆ, ಇನ್ನೊಂದು ಕೊಚ್ಚಿಯಿಂದ ಕೊಚ್ಚಿಗೆ. ನೀನಿರುವುದು ಇಲ್ಲಿನ ಮೋಸಮ್ ಪುಲ್ ಹತ್ತಿರ. ಇಲ್ಲಿಂದ ಅಲ್ಲಿಗೆ ಹೋಗುವ ಖರ್ಚು ಆ ಕಾಗದದ ಯಾವ ಮೂಲೆಯಲ್ಲೂ ಇಲ್ಲ. ನಮ್ಮ ಊರಿಗೆ ರೈಲಿಲ್ಲ, ಮನ್ಮಾಡಿಗೋ ನಾಸಿಕ್ ರೋಡಿಗೋ ಹೋಗಬೇಕು. ವಿಮಾನಕ್ಕೆ ನಾಸಿಕದ ಓಝರ್ ಇದೆ, ಶಿರಡಿ ಇದೆ, ಸಂಭಾಜಿನಗರದ ಚಿಕಲಠಾಣಾ ಇದೆ. ಮೂರೂ ನೂರು ಕಿಲೋಮೀಟರಿನ ಆಚೀಚೆ. ಮೂರು ವಿಮಾನ ನಿಲ್ದಾಣಗಳ ನಡುವೆ ಕೂತು ಒಂದೂ ಹತ್ತಿರವಿಲ್ಲದ ಊರು ನಮ್ಮದು. ಕೊನೆಗೆ ಎಲ್ಲರೂ ಹೋಗುವುದು ಮುಂಬೈಗೇ, ಚಾಂದವಡ, ನಾಸಿಕ, ಕಸಾರಾ ಘಾಟ್ ಹಾದು ಹತ್ತಿರ ಹತ್ತಿರ 280 ಕಿಲೋಮೀಟರ್. ಬೆಳಗಿನ ಆರು ಗಂಟೆಯ ವಿಮಾನ ಹಿಡಿಯಬೇಕಾದರೆ ಹಿಂದಿನ ದಿನ ಸಂಜೆಯೇ ಹೊರಡಬೇಕು. ಆ ರಾತ್ರಿಯ ಟ್ಯಾಕ್ಸಿ, ದಾರಿಯ ಟೋಲ್, ಊಟ ಯಾವುದನ್ನೂ ಪ್ಯಾಕೇಜಿನವರು ಬರೆಯುವುದಿಲ್ಲ. ಬರೆಯಬೇಕಾದವನು ನೀನು.

ಆದ್ದರಿಂದ ಒಂದು ಹಾಳೆ ತೆಗೆದುಕೋ. ಮೇಲೆ “ಮನೆಯ ಬಾಗಿಲು” ಎಂದು ಬರೆ, ಕೆಳಗೂ “ಮನೆಯ ಬಾಗಿಲು” ಎಂದೇ ಬರೆ. ನಡುವೆ ಆಗುವುದೆಲ್ಲ ಖರ್ಚು. ಎಡಗಡೆ ರೂಪಾಯಿ, ಬಲಗಡೆ ದಿನ. ದಿನದ ಸಾಲು ಯಾಕೆ ಅಂತ ಕೇಳಬೇಡ. ಸೈಝಿಂಗ್ ಆಫೀಸಿನಲ್ಲಿ ಲೆಕ್ಕ ಬರೆಯುವವನು ನೀನು, ರಜೆ ಹಾಕಿದ ದಿನಕ್ಕೆ ಸಂಬಳ ಹೋಗುತ್ತದೆ. ಆ ದುಡ್ಡೂ ಈ ಪ್ರವಾಸದ ಖರ್ಚೇ. ಮಗ್ಗ ನಿಲ್ಲುವ ಶುಕ್ರವಾರಗಳನ್ನು ಎರಡೂ ಕಡೆ ಒಳಗೆ ಸೇರಿಸಿ ತಾರೀಖು ಹಾಕಿದರೆ ಒಂದೆರಡು ದಿನದ ಸಂಬಳ ಉಳಿಯುತ್ತದೆ. ಶನಿವಾರ-ಭಾನುವಾರ ನೋಡಿ ಟಿಕೇಟು ಮಾಡುವ ಪುಣೆಯವರ ಲೆಕ್ಕ ನಮಗೆ ಬೇಡ.

ಈಗ ನಿನ್ನ ಕಾಗದಗಳಿಗೆ ಬರೋಣ. ಅಂಡಮಾನಿನದು ಐದು ರಾತ್ರಿಗೆ ಇಬ್ಬರಿಗೂ ಸೇರಿ ನಲವತ್ತೈದು ಸಾವಿರದ ಹತ್ತಿರ. ಲಕ್ಷದ್ವೀಪದ ಹಡಗಿನ ಪ್ಯಾಕೇಜು ತಲೆಗೇ ಮೂವತ್ತು ಸಾವಿರದ ಮೇಲೆ, ಇಬ್ಬರಿಗೆ ಅರವತ್ತು ದಾಟಿತು. ನಿನ್ನ ಕಣ್ಣು ಸಹಜವಾಗಿ ಅಂಡಮಾನಿನ ಕಡೆಗೆ ಹೋಗಿದೆ. ಮುಂಬೈಯಿಂದ ಪೋರ್ಟ್ ಬ್ಲೇರಿಗೆ ಹೋಗಿಬರುವ ವಿಮಾನದ ದರ ಅದಕ್ಕೆ ಸೇರಿಸು. ತಲೆಗೆ ಒಂದು ಕಡೆಗೆ ಹತ್ತು-ಹನ್ನೊಂದು ಸಾವಿರ ಎಂದು ಹಿಡಿದರೂ ನಾಲ್ಕು ಟಿಕೇಟಿಗೆ ನಲವತ್ತು ಮೀರುತ್ತದೆ. ಮುಂಬೈ ದಾರಿಯ ಖರ್ಚು ಬೇರೆ, ಅಲ್ಲಿ ಮಧ್ಯಾಹ್ನ-ರಾತ್ರಿಯ ಊಟ ಬೇರೆ, ನೀರೊಳಗೆ ಇಳಿಯುವ ಆಸೆಯಿದ್ದರೆ ಅದಕ್ಕೆ ತಲೆಗೆ ಮೂರು-ನಾಲ್ಕು ಸಾವಿರ ಬೇರೆ. ಒಟ್ಟು ಕೂಡಿದರೆ ಲಕ್ಷದ ಗೆರೆ ಮುಟ್ಟುತ್ತೀಯ. ಲಕ್ಷದ್ವೀಪಕ್ಕೋ, ಕೊಚ್ಚಿಗೆ ಮೂರನೇ ದರ್ಜೆ ಎಸಿ ರೈಲು ಹೋಗಿಬರಲು ಇಬ್ಬರಿಗೆ ಎಂಟು ಸಾವಿರದ ಸುಮಾರು, ಕೊಚ್ಚಿಯಲ್ಲಿ ಎರಡು ರಾತ್ರಿಯ ಲಾಡ್ಜು, ದಾರಿಯ ಊಟ-ಕಾಫಿ. ಎಂಬತ್ತರ ಒಳಗೆ ನಿಲ್ಲುತ್ತದೆ. ಇವು ಅಂದಾಜಿನ ಅಂಕಿ, ನೀನು ಬುಕ್ ಮಾಡುವ ದಿನದ ದರವನ್ನೇ ಹಾಕಿ ಮತ್ತೆ ಕೂಡು. ಮೊತ್ತ ಆಚೀಚೆ ಆದೀತು. ಕಾಗದದಲ್ಲಿ ಅಗ್ಗವಾಗಿದ್ದದ್ದು ಬಾಗಿಲಿಗೆ ಬರುವಾಗ ದುಬಾರಿಯಾಗುತ್ತದೆ ಎಂಬುದಂತೂ ಬದಲಾಗದು.

ಹಾಗಂತ ಲಕ್ಷದ್ವೀಪವೇ ಅಗ್ಗ ಅಂತ ಗೆರೆ ಎಳೆಯಬೇಡ. ಬಲಗಡೆಯ ಸಾಲು ಇನ್ನೂ ತುಂಬಿಲ್ಲ.

ಸ್ಪೋರ್ಟ್ಸ್ ಎಂದು ಕರೆಯುವ ಲಕ್ಷದ್ವೀಪದ ಸರ್ಕಾರಿ ಪ್ರವಾಸ ಸಂಸ್ಥೆಯ “ಸಮುದ್ರಂ” ಪ್ಯಾಕೇಜು ಐದು ದಿನದ್ದು. ಮೊದಲ ದಿನ ಕೊಚ್ಚಿಯ ವಿಲ್ಲಿಂಗ್ಡನ್ ದ್ವೀಪದ ಧಕ್ಕೆಯಲ್ಲಿ ಹಡಗು ಹತ್ತುವುದು, ಕೊನೆಯ ದಿನ ಅಲ್ಲೇ ಇಳಿಯುವುದು. ನಡುವಿನ ಮೂರು ಹಗಲು ಕವರತ್ತಿ, ಕಲ್ಪೇನಿ, ಮಿನಿಕಾಯ್. ಹಗಲು ದ್ವೀಪದಲ್ಲಿ, ರಾತ್ರಿ ಹಡಗಿನ ಬರ್ತಿನಲ್ಲಿ. ನಾಸಿಕ್ ರೋಡಿನಿಂದ ಕೊಚ್ಚಿಗೆ ರೈಲಿನಲ್ಲಿ ಒಂದು ಹಗಲು, ಒಂದು ರಾತ್ರಿ, ಮೇಲೆ ಸ್ವಲ್ಪ. ಬರುವಾಗಲೂ ಅಷ್ಟೇ. ಮೂರು ಹಗಲು ದ್ವೀಪ ನೋಡಲು ಒಂಬತ್ತು ದಿನ ಹೋಗುತ್ತದೆ. ಅಂಡಮಾನಿಗೆ ಎಂಟು ದಿನ ತೆಗೆದರೆ ಪೂರ್ತಿ ನಾಲ್ಕು ದಿನ ಕೈಗೆ ಸಿಗುತ್ತದೆ. ದಿನ ಕಡಿಮೆ, ದುಡ್ಡು ಸ್ವಲ್ಪ ಆಚೀಚೆ ಆದರೂ ಪರವಾಗಿಲ್ಲ ಅನ್ನುವವನಿಗೆ ಅಂಡಮಾನ್. ದುಡ್ಡಿಗೆ ಬಿಗಿಯಾದ ಗೆರೆ, ದಿನಕ್ಕೆ ಸಡಿಲು ಅನ್ನುವವನಿಗೆ ಹಡಗು. ನಿನ್ನದು ಯಾವ ಜಾತಿ ಅಂತ ನನಗೆ ಗೊತ್ತು. ಆದರೂ ಹೇಳಲಾರೆ, ನೀನೇ ಬರೆ.

ಬಲಗಡೆಯ ಸಾಲಿನಲ್ಲಿ ಇನ್ನೊಂದಿದೆ, ಇದನ್ನು ಯಾವ ಏಜೆಂಟನೂ ಹೇಳುವುದಿಲ್ಲ. ಎರಡೂ ಕಡೆ ಗಡಿಯಾರ ನಮ್ಮದೇ, ಸೂರ್ಯ ಮಾತ್ರ ಬೇರೆ. ಪೋರ್ಟ್ ಬ್ಲೇರ್ ನಮ್ಮ ಊರಿಗಿಂತ ಹದಿನೆಂಟು ಡಿಗ್ರಿ ಪೂರ್ವಕ್ಕಿದೆ. ಫೆಬ್ರವರಿಯಲ್ಲಿ ಅಲ್ಲಿ ಸಂಜೆ ಐದೂವರೆಯ ಹೊತ್ತಿಗೆ ಸೂರ್ಯ ಮುಳುಗುತ್ತಾನೆ. ಮಧ್ಯಾಹ್ನ ಮೂರಕ್ಕೆ ವಿಮಾನ ಇಳಿದು, ಸಾಮಾನು ಎತ್ತಿಕೊಂಡು, ಕೋಣೆ ಸೇರಿ ಮುಖ ತೊಳೆಯುವುದರೊಳಗೆ ಆ ದಿನ ಮುಗಿಯಿತು. ಒಂದು ರಾತ್ರಿಯ ಬಾಡಿಗೆ ಕೊಟ್ಟು ಕತ್ತಲೆ ನೋಡಿದ ಹಾಗೆ. ಅಂಡಮಾನಿಗೆ ಹೋಗುವುದಾದರೆ ಬೆಳಗ್ಗೆ ಅಲ್ಲಿ ಇಳಿಯುವ ವಿಮಾನಕ್ಕೆ ಸಾವಿರ ರೂಪಾಯಿ ಹೆಚ್ಚು ಕೊಟ್ಟರೂ ನಷ್ಟವಿಲ್ಲ, ಬೆಳಗ್ಗೆ ಐದಕ್ಕೆ ಏಳುವ ಅಭ್ಯಾಸವನ್ನೂ ಇಲ್ಲಿಂದಲೇ ಮಾಡಿಕೊಂಡು ಹೋಗು. ಲಕ್ಷದ್ವೀಪ ನಮಗಿಂತ ಸ್ವಲ್ಪ ಪಶ್ಚಿಮಕ್ಕಿದೆ, ಬಹುಮಟ್ಟಿಗೆ ನೇರ ದಕ್ಷಿಣ. ಅದೇ ಫೆಬ್ರವರಿಯಲ್ಲಿ ಅಲ್ಲಿ ಆರೂಮುಕ್ಕಾಲರ ತನಕ ಬೆಳಕು. ಸಂಜೆಗೆ ಗಂಟೆಯ ಮೇಲೆ ಹೆಚ್ಚು ಸಿಕ್ಕಿತು, ಅದಕ್ಕೆ ಬಿಲ್ಲಿಲ್ಲ.

ದುಡ್ಡು ಎಲ್ಲಿ ಸೋರುತ್ತದೆ ಎಂಬುದು ಎರಡೂ ಕಡೆ ಬೇರೆ ಬೇರೆ. ನಮ್ಮ ಹೋಟೆಲಿನ ಭಾಷೆಯಲ್ಲೇ ಹೇಳುತ್ತೇನೆ. ಲಕ್ಷದ್ವೀಪ ರೈಸ್ ಪ್ಲೇಟ್ ಇದ್ದ ಹಾಗೆ, ಕೂರುವ ಮೊದಲೇ ಎಷ್ಟೆಂದು ಗೊತ್ತು, ಇದು ಬೇಡ ಅದು ಕೊಡಿ ಅನ್ನುವ ಹಾಗಿಲ್ಲ. ಅಂಡಮಾನಿನಲ್ಲಿ ಕಾರ್ಡು ನೋಡಿ ಒಂದೊಂದೇ ಹೇಳುವುದು. ಕಡಿಮೆಯಲ್ಲಿಯೂ ಏಳಬಹುದು, ಬಿಲ್ಲು ನೋಡಿ ಬೆವರಲೂಬಹುದು.

ಅಂಡಮಾನಿನ ಸೋರಿಕೆ ದ್ವೀಪದಿಂದ ದ್ವೀಪಕ್ಕೆ ಹೋಗುವ ದೋಣಿಯಲ್ಲಿ. ಎಲ್ಲರೂ ಫೋಟೋ ಹಾಕುವ ರಾಧಾನಗರ ಕಡಲತೀರ ಪೋರ್ಟ್ ಬ್ಲೇರಿನಲ್ಲಿಲ್ಲ, ಹ್ಯಾವ್ಲಾಕಿನಲ್ಲಿದೆ. 2018ರಿಂದ ಅದು ಸ್ವರಾಜ್ ದ್ವೀಪ, ನೀಲ್ ಶಹೀದ್ ದ್ವೀಪ. 2024ರಲ್ಲಿ ಪೋರ್ಟ್ ಬ್ಲೇರೂ ಶ್ರೀ ವಿಜಯಪುರಂ ಆಯಿತು. ಟಿಕೇಟಿನಲ್ಲಿ ಯಾವ ಹೆಸರು ಬಂದರೂ ಗಾಬರಿಯಾಗಬೇಡ. ಪೋರ್ಟ್ ಬ್ಲೇರ್‌–ಹ್ಯಾವ್ಲಾಕ್, ಹ್ಯಾವ್ಲಾಕ್–ನೀಲ್, ನೀಲ್–ಪೋರ್ಟ್ ಬ್ಲೇರ್, ಹೀಗೆ ಮೂರು ಸಲ ಖಾಸಗಿ ದೋಣಿ ಹತ್ತಬೇಕು. ತಲೆಗೆ ಒಂದೂವರೆ ಸಾವಿರದಂತೆ ಹಿಡಿದರೂ ಇಬ್ಬರಿಗೆ ಒಂಬತ್ತು ಸಾವಿರ. ಪ್ಯಾಕೇಜಿನಲ್ಲಿ ಇದು ಸೇರಿದೆಯೋ ಇಲ್ಲವೋ ಎಂದು ಫೋನು ಮಾಡಿ ಕೇಳು, ಕೇಳಿದ್ದನ್ನು ಮೆಸೇಜಿನಲ್ಲಿ ಬರೆಸಿಕೋ. ಸರ್ಕಾರಿ ದೋಣಿ ಬಹಳ ಅಗ್ಗ, ನಿಧಾನ, ಟಿಕೇಟು ಸಿಗುವುದೂ ಕಷ್ಟ. ಹ್ಯಾವ್ಲಾಕಿನಲ್ಲಿ ಟ್ಯಾಕ್ಸಿಗಿಂತ ಬಾಡಿಗೆ ಸ್ಕೂಟರ್ ಒಳ್ಳೆಯದು, ಲೈಸೆನ್ಸು ಮರೆಯಬೇಡ. ಇನ್ನೊಂದು ಕಟ್ಟುನಿಟ್ಟು: ಹಿಂದಿರುಗುವ ಹಿಂದಿನ ರಾತ್ರಿ ಪೋರ್ಟ್ ಬ್ಲೇರಿನಲ್ಲೇ ಇರು. ಗಾಳಿ ಎದ್ದರೆ ದೋಣಿ ಬಿಡುವುದಿಲ್ಲ, ವಿಮಾನ ನಿನಗಾಗಿ ಕಾಯುವುದಿಲ್ಲ. ಆಗ ಕೊಳ್ಳುವ ಹೊಸ ಟಿಕೇಟಿನಲ್ಲಿ ನೀನು ಉಳಿಸಿದ್ದೆಲ್ಲ ಹೋಗುತ್ತದೆ.

ಅದೇ ಕಾಗದದಲ್ಲಿ ಬಾರಾಟಾಂಗ್ ಎಂದು ಒಂದು ದಿನದ ಸಾಲು ಇದೆ, ಸುಣ್ಣಕಲ್ಲಿನ ಗುಹೆ ಎಂದು. ಅದನ್ನು ಹೊಡೆದುಹಾಕು. ಆ ರಸ್ತೆ ಜಾರವಾ ಜನರಿಗಾಗಿ ಕಾಯ್ದಿಟ್ಟ ಕಾಡಿನೊಳಗಿಂದ ಹೋಗುತ್ತದೆ, ವಾಹನಗಳನ್ನು ಸಾಲುಗಟ್ಟಿಸಿ ಕಾವಲಿನಲ್ಲಿ ಬಿಡುತ್ತಾರೆ. ಗುಹೆಯ ನೆಪದಲ್ಲಿ ಕಿಟಕಿಯಿಂದ ಮನುಷ್ಯರನ್ನು ಹುಡುಕುತ್ತ ಹೋಗುವವರೇ ಹೆಚ್ಚು. ಖರ್ಚಿನ ಮಾತಲ್ಲ ಇದು, ನಮ್ಮ ಮನೆಯವರು ಮಾಡುವ ಕೆಲಸವಲ್ಲ ಎಂಬ ಮಾತು.

ಸೆಲ್ಯುಲರ್ ಜೈಲನ್ನು ಮಾತ್ರ ಬಿಡಬೇಡ. ಆ ಜೈಲಿಗೂ ನಾವು ಅನ್ನ ತಿನ್ನುತ್ತಿರುವ ಜಿಲ್ಲೆಗೂ ಹಳೆಯ ಲೆಕ್ಕವಿದೆ. 1906ರಲ್ಲಿ ಅದು ಕಟ್ಟಿ ಮುಗಿಯಿತು. 1909ರ ಡಿಸೆಂಬರಿನಲ್ಲಿ ನಾಸಿಕದ ವಿಜಯಾನಂದ ನಾಟಕಶಾಲೆಯಲ್ಲಿ ಕಲೆಕ್ಟರ್ ಜಾಕ್ಸನ್‌ನನ್ನು ಅನಂತ ಕಾನ್ಹೇರೆ ಗುಂಡು ಹೊಡೆದು ಕೊಂದ. ಆ ಮೊಕದ್ದಮೆಯ ಬಾಲ ಹಿಡಿದು ನಾಸಿಕದ ಹತ್ತಿರದ ಭಗೂರಿನ ವಿನಾಯಕ ಸಾವರ್ಕರ್ 1911ರಲ್ಲಿ ಅಲ್ಲಿಗೆ ಹೋದರು. ಅಣ್ಣ ಬಾಬಾರಾವ್‌ಗೆ ಅಷ್ಟರಲ್ಲೇ ಕರಿನೀರಿನ ಶಿಕ್ಷೆಯಾಗಿತ್ತು. ನಾಸಿಕದಿಂದ ಅಂಡಮಾನಿಗೆ ಸರ್ಕಾರದ ಖರ್ಚಿನಲ್ಲಿ ಹೋದವರು ಅವರು. ಏಳು ರೆಕ್ಕೆಗಳಿದ್ದ ಕಟ್ಟಡದಲ್ಲಿ ಈಗ ಮೂರು ಉಳಿದಿವೆ. ಒಳಗೆ ಹೋಗಲು ಟಿಕೇಟು ಹೆಚ್ಚೇನಿಲ್ಲ, ಯಾವ ದಿನ ಬಾಗಿಲು ಹಾಕಿರುತ್ತದೆ ಎಂಬುದನ್ನು ನೋಡಿಕೋ.

ಲಕ್ಷದ್ವೀಪದಲ್ಲಿ ಸೋರುವುದು ಕಡಿಮೆ, ಆದರೆ ಬಾಗಿಲಲ್ಲೇ ತಡೆಯಿದೆ. ಅದು ನಮ್ಮದೇ ದೇಶವಾದರೂ ಒಳಗೆ ಕಾಲಿಡಲು ಪರವಾನಗಿ ಬೇಕು. 1967ರ ನಿಯಮ ಅದು. ಪೊಲೀಸರಿಂದ ಚಾರಿತ್ರ್ಯದ ಕಾಗದ, ಆಧಾರ್, ಫೋಟೋ, ಅರ್ಜಿ. ಪ್ಯಾಕೇಜಿನವರೇ ಪರವಾನಗಿ ಮಾಡಿಸಿಕೊಡುತ್ತಾರೆ, ಪೊಲೀಸ್ ಕಾಗದಕ್ಕೆ ಮಾತ್ರ ಇಲ್ಲಿನ ಠಾಣೆಗೆ ನೀನೇ ಓಡಾಡಬೇಕು. ಯಾಕಪ್ಪಾ ಇಷ್ಟು ಬಿಗಿ ಅಂತ ಸಿಟ್ಟಾಗಬೇಡ. 36 ದ್ವೀಪ ಎಂಬುದು ಕೇಳಲಿಕ್ಕೆ ದೊಡ್ಡದು. ಜನ ಇರುವುದು ಹತ್ತರಲ್ಲಿ, ಎಲ್ಲ ಸೇರಿ 32 ಚದರ ಕಿಲೋಮೀಟರ್. ಅಂಡಮಾನ್-ನಿಕೋಬಾರ್ 8,249. ಹವಳದ ನೆಲದಡಿ ಸಿಹಿನೀರು ತೆಳುವಾಗಿ ತೇಲುತ್ತದೆ, ಹೆಚ್ಚು ಎತ್ತಿದರೆ ಉಪ್ಪು ಮೇಲೆ ಬರುತ್ತದೆ. 2005ರಲ್ಲಿ ಕವರತ್ತಿಯಲ್ಲಿ ಸಮುದ್ರದ ನೀರನ್ನೇ ಕುಡಿಯುವ ನೀರು ಮಾಡುವ ಘಟಕ ಹಾಕಿದರು, ದಿನಕ್ಕೆ ಒಂದು ಲಕ್ಷ ಲೀಟರಿನದು. ಕುಡಿಯುವ ನೀರನ್ನು ತಯಾರಿಸಬೇಕಾದ ಊರಿನಲ್ಲಿ ಹಾಸಿಗೆಗಳ ಸಂಖ್ಯೆ ಕಡಿಮೆಯೇ ಇರುತ್ತದೆ, ಇದ್ದವುಗಳ ದರ ಇಳಿಯುವುದಿಲ್ಲ. ಅಲ್ಲಿ ಚೌಕಾಸಿ ಮಾಡಲು ಪಕ್ಕದಲ್ಲಿ ಇನ್ನೊಂದು ಲಾಡ್ಜು ಇರುವುದಿಲ್ಲ ಮಾರಾಯ.

ಅಕ್ಕಿ-ಬೇಳೆ ಕೂಡ ಈಚೆಯ ದಡದಿಂದಲೇ ಹೋಗಬೇಕು. ಈ ಸಂಗತಿ ನಮ್ಮ ಉಡುಪಿ ಕಡೆಯ ಹಿರಿಯರಿಗೆ ಹೊಸದಲ್ಲ. ಅಮಿನಿ, ಕಡ್ಮತ್, ಕಿಲ್ತಾನ್, ಚೆಟ್ಲಾಟ್, ಬಿತ್ರಾ ದ್ವೀಪಗಳು ಟಿಪ್ಪುವಿನ ಕೈಗೆ ಬಂದು, 1799ರ ನಂತರ ಇಂಗ್ಲಿಷರಿಗೆ ಹೋಗಿ, 1956ರ ನವೆಂಬರ್ ತನಕ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅವಕ್ಕೆ ಕಲೆಕ್ಟರ ಕೂತಿದ್ದದ್ದು ಮಂಗಳೂರಿನಲ್ಲಿ. ದ್ವೀಪದವರು ಓಡಗಳಲ್ಲಿ ತೆಂಗಿನ ನಾರಿನ ಹುರಿ ತಂದು ಬಂದರಿನಲ್ಲಿ ಸರ್ಕಾರಕ್ಕೆ ಒಪ್ಪಿಸಿ ಅಕ್ಕಿ ಒಯ್ಯುತ್ತಿದ್ದರು. ಇವತ್ತಿಗೂ ಮಂಗಳೂರಿನ ಹಳೆ ಬಂದರಿನಿಂದ ಸಿಮೆಂಟು, ಜಲ್ಲಿ, ತರಕಾರಿ ಹೋಗುತ್ತಲೇ ಇದೆ. 2024ರ ಮೇ ತಿಂಗಳಲ್ಲಿ ಪರಳಿ ಎಂಬ ವೇಗದ ಹಡಗು ಜನರನ್ನು ತುಂಬಿಕೊಂಡು ಅಲ್ಲಿಗೆ ಬಂದಿತ್ತು. ಆ ದಾರಿ ಪ್ರವಾಸಿಗಳಿಗೆ ಕೊಚ್ಚಿಯಂತೆ ಖಾಯಂ ಆದರೆ ನಮ್ಮವರ ಲೆಕ್ಕವೇ ಬೇರೆಯಾಗುತ್ತದೆ. ಅಲ್ಲಿಯವರೆಗೆ ಕೊಚ್ಚಿ, ಇಲ್ಲವೇ ಸಣ್ಣ ವಿಮಾನ ಹಿಡಿದು ಅಗತ್ತಿ. ಅಗತ್ತಿಯ ಓಡುದಾರಿ 1,200 ಮೀಟರಿನ ಆಸುಪಾಸು, ದೊಡ್ಡ ವಿಮಾನ ಇಳಿಯುವುದಿಲ್ಲ, ಸೀಟು ಕಡಿಮೆ, ದರ ಅದಕ್ಕೆ ತಕ್ಕ ಹಾಗೆ.

ಈಗ ಕೊಚ್ಚಿಯ ರೈಲಿನ ವಿಷಯ. ನಾವು ಊರಿಗೆ ಹೋಗುವ ಮಂಗಲಾ ಎಕ್ಸ್‌ಪ್ರೆಸ್ಸಿನ ಪೂರ್ತಿ ಹೆಸರು ಮಂಗಲಾ ಲಕ್ಷದ್ವೀಪ ಎಕ್ಸ್‌ಪ್ರೆಸ್. ನಾಸಿಕ್ ರೋಡಿನಲ್ಲಿ ಹತ್ತಿದರೆ ಕೊಂಕಣದ ಸುರಂಗಗಳನ್ನೆಲ್ಲ ದಾಟಿ, ಉಡುಪಿ, ಮಂಗಳೂರು, ಕಾಸರಗೋಡು ಹಾದು ಅದು ನಿಲ್ಲುವುದೇ ಎರ್ನಾಕುಲಂನಲ್ಲಿ, ಧಕ್ಕೆಯ ಊರಿನಲ್ಲಿ. ನಾವು ಉಡುಪಿಯಲ್ಲಿ ಇಳಿದುಬಿಡುತ್ತೇವೆ, ಅದರಾಚೆ ಯೋಚಿಸುವುದಿಲ್ಲ. ಮದುವೆಯಾದ ಮೊದಲ ವರ್ಷ ಹೇಗೂ ನಿನ್ನ ಅಮ್ಮನ ಮನೆಗೆ ಇಬ್ಬರೂ ಹೋಗಲೇಬೇಕು. ದೇವಸ್ಥಾನ, ಹಿರಿಯರ ಮನೆ, ಊಟ ಇದ್ದೇ ಇದೆ. ಅದಕ್ಕೆಂದು ಬೇರೆ ರಜೆ, ಬೇರೆ ಟಿಕೇಟು. ಹಡಗಿನಿಂದ ಇಳಿದು ಬರುವಾಗ ಎರ್ನಾಕುಲಂ–ಉಡುಪಿ ಒಂದು, ಉಡುಪಿ–ನಾಸಿಕ್ ರೋಡ್ ಒಂದು ಎಂದು ಟಿಕೇಟನ್ನು ಎರಡು ಭಾಗ ಮಾಡಿದರೆ ನಡುವೆ ಎರಡು ದಿನ ಮನೆ ಆಯಿತು. ಹೇಗೂ ಆಗಬೇಕಿದ್ದ ಊರಿನ ಖರ್ಚು ಈ ಲೆಕ್ಕದಲ್ಲೇ ಕರಗುತ್ತದೆ. ಅಂಡಮಾನಿನ ದಾರಿಯಲ್ಲಿ ಇಂಥ ಅನುಕೂಲವಿಲ್ಲ. ನನ್ನ ಮನಸ್ಸು ಹಡಗಿನ ಕಡೆಗೆ ವಾಲುವುದಕ್ಕೆ ಇದೇ ಮುಖ್ಯ ಕಾರಣ, ನಿನ್ನ ಅಮ್ಮ ನನ್ನ ತಂಗಿ ಎಂಬುದನ್ನೂ ಸೇರಿಸಿಕೋ.

ಚೆನ್ನೈಯಿಂದ ಅಂಡಮಾನಿಗೂ ಹಡಗಿದೆ, ಬಂಕಿನ ದರ ವಿಮಾನಕ್ಕಿಂತ ಬಹಳ ಕಡಿಮೆ. ಆದರೆ ಹೋಗಲು ಮೂರು ದಿನ, ಬರಲು ಮೂರು ದಿನ. ನಿವೃತ್ತರಾದವರಿಗೆ ಸರಿ.

ಕಾಲದ ಮಾತು ಇಷ್ಟೇ. ಲಕ್ಷದ್ವೀಪಕ್ಕೆ ಅಕ್ಟೋಬರಿನಿಂದ ಮೇ ನಡುವಿನ ತನಕ, ಮಳೆಗಾಲದಲ್ಲಿ ಹಡಗಿನ ಪ್ಯಾಕೇಜು ಇರುವುದಿಲ್ಲ. ಅಂಡಮಾನಿಗೆ ಎರಡು ಮಳೆಗಾಲ, ಈ ಕಡೆಯದೂ ಆ ಕಡೆಯದೂ. ಡಿಸೆಂಬರ್ ಕೊನೆಯ ವಾರ, ದೀಪಾವಳಿ ರಜೆ, ಮೇ ತಿಂಗಳು ಅಲ್ಲಿನ ದರ ಏರುತ್ತದೆ. ಮಕ್ಕಳ ಪರೀಕ್ಷೆ ಹತ್ತಿರವಾಗುವ ಫೆಬ್ರವರಿಯಲ್ಲಿ ಸಂಸಾರಸ್ಥರು ಮನೆಯಲ್ಲೇ ಇರುತ್ತಾರೆ, ನಿಮಗಿನ್ನೂ ಆ ತಾಪತ್ರಯವಿಲ್ಲ, ಹೋಗಿ.

ಮಾಲ್ಡೀವ್ಸ್ ಹೆಸರೂ ನಿಮ್ಮ ಮಾತಿನಲ್ಲಿ ಬಂತು ಅಂತ ಕೇಳಿದೆ. ವೀಸಾಕ್ಕೆ ದುಡ್ಡಿಲ್ಲ ಎಂಬುದು ನಿಜ. ಆದರೆ 2025ರಿಂದ ರೆಸಾರ್ಟಿನಲ್ಲಿ ತಲೆಗೆ ರಾತ್ರಿಗೆ 12 ಡಾಲರ್ ಹಸಿರು ತೆರಿಗೆ. ಹಿಂದಿರುಗುವಾಗ ಸಾಧಾರಣ ದರ್ಜೆಯವನಿಗೂ 50 ಡಾಲರ್ ನಿರ್ಗಮನ ತೆರಿಗೆ, ಅದು ಟಿಕೇಟಿನೊಳಗೇ ಅಡಗಿರುತ್ತದೆ. ಇಬ್ಬರು ನಾಲ್ಕು ರಾತ್ರಿ ಇದ್ದರೆ ಈ ಎರಡೇ ಸೇರಿ 196 ಡಾಲರ್, ಹದಿನಾರು ಸಾವಿರ ರೂಪಾಯಿಯ ಮೇಲೆ. ಇನ್ನೂ ಒಂದು ಲೋಟ ನೀರು ಕುಡಿದಿಲ್ಲ. ಕುಡಿದರೆ ಬಿಲ್ಲಿನ ಮೇಲೆ ಸೇವಾ ಶುಲ್ಕ ಹತ್ತು, ಪ್ರವಾಸಿ ತೆರಿಗೆ ಹದಿನೇಳು ಪ್ರತಿಶತ. ಮಾಲೆಯಿಂದ ರೆಸಾರ್ಟಿಗೆ ಸ್ಪೀಡ್ ಬೋಟೋ ನೀರಿನ ಮೇಲಿಳಿಯುವ ವಿಮಾನವೋ, ಅದರ ದರ ಬೇರೆ. ಮಿನಿಕಾಯಿಯಲ್ಲಿ ಆಡುವ ಭಾಷೆ ಮಾಲ್ಡೀವ್ಸಿನ ಭಾಷೆಯ ಒಡಹುಟ್ಟು, ಕಡಲಿನ ಬಣ್ಣವೂ ಅದೇ. ಅಷ್ಟು ಆಸೆಯಿದ್ದರೆ ಅಲ್ಲೇ ತೀರಿಸಿಕೊಳ್ಳಿ.

ದುಡ್ಡು ಎಲ್ಲಿಂದ ಎಂಬುದನ್ನೂ ಕೇಳುವ ಹಕ್ಕು ನನಗಿದೆ. ಆ ಏಜೆಂಟು “ಈಗ ಹೋಗಿ, ಆಮೇಲೆ ಕಂತಿನಲ್ಲಿ ಕಟ್ಟಿ” ಅಂದನಂತೆ. ಬೇಡ. ಬಡ್ಡಿ ಇಲ್ಲ ಅನ್ನುವಲ್ಲಿ ಪ್ರೊಸೆಸಿಂಗ್ ಫೀ ಇರುತ್ತದೆ, ಅದಿಲ್ಲದಲ್ಲಿ ಪ್ಯಾಕೇಜಿನ ದರವೇ ಏರಿರುತ್ತದೆ. ಓಣಿಯಲ್ಲಿ ನಡೆಯುವ ಭಿಶಿ ಚೀಟಿಯನ್ನು ಮೊದಲೇ ಎತ್ತಿಕೊಂಡು ಹೋಗುವುದೂ ಬೇಡ, ಉಳಿದ ತಿಂಗಳೆಲ್ಲ ಮುಗಿದ ಪ್ರವಾಸಕ್ಕೆ ಕಟ್ಟುತ್ತ ಕೂರುತ್ತೀಯ. ಮದುವೆಯಲ್ಲಿ ಬಂದ ಮುಯ್ಯಿ ಎಷ್ಟಿದೆ ಇಬ್ಬರೂ ಕೂತು ಎಣಿಸಿ. ಅವಳ ಕಡೆಯಿಂದ ಬಂದದ್ದು ಅವಳದು, ಅವಳಾಗಿ ಹಾಕಿದರೆ ಹಾಕಲಿ. ಸಾಲದಿದ್ದರೆ ಈ ಫೆಬ್ರವರಿ ಬಿಟ್ಟು ಮುಂದಿನದಕ್ಕೆ ಹೋಗಿ.

ಹಡಗೇ ಅಂತ ಆದರೆ ಕೆಲಸದ ಕ್ರಮ ತಪ್ಪಬೇಡ. ಮೊದಲು ಹಡಗು ಹೊರಡುವ ತಾರೀಖು ಗಟ್ಟಿಯಾಗಲಿ, ಅದು ಬದಲಾಗುವುದುಂಟು. ಅದರ ಹಿಂದೆಯೇ ಪೊಲೀಸ್ ಕಾಗದ, ಪರವಾನಗಿ. ಆಮೇಲೆ ರೈಲು. 2024ರ ನವೆಂಬರಿನಿಂದ ಅರುವತ್ತು ದಿನ ಮೊದಲಷ್ಟೇ ರಿಸರ್ವೇಶನ್ ತೆರೆಯುತ್ತದೆ, ಕೊಂಕಣದ ರೈಲಿನಲ್ಲಿ ಬರ್ತು ಬೇಗ ತುಂಬುತ್ತದೆ, ಆ ದಿನ ಬೆಳಗ್ಗೆ ಎಂಟಕ್ಕೆ ಫೋನು ಹಿಡಿದು ಕೂರು. ಹೋಗುವಾಗ ಹಡಗಿನ ಹಿಂದಿನ ದಿನವೇ ಕೊಚ್ಚಿ ಸೇರು, ಇಳಿದ ದಿನದ್ದೇ ರೈಲಿಗೆ ಟಿಕೇಟು ಮಾಡಬೇಡ. ನಗದು ಸ್ವಲ್ಪ ಜೊತೆಗಿರಲಿ, ದ್ವೀಪದಲ್ಲಿ ಫೋನಿನ ಸಿಗ್ನಲ್ ನಂಬಿ ಹೋಗುವ ಹಾಗಿಲ್ಲ. ಅವಳಿಗೆ ಕಸಾರಾ ಘಾಟಿನಲ್ಲೇ ತಲೆ ತಿರುಗುತ್ತದೆ ಅಂದಿದ್ದೆ. ಡಾಕ್ಟರನ್ನು ಕೇಳಿ ವಾಂತಿಯ ಮಾತ್ರೆ ತೆಗೆದುಕೊಂಡು ಹೋಗಿ, ಹಡಗು ಹತ್ತುವ ಅರ್ಧ ಗಂಟೆ ಮೊದಲೇ ನುಂಗಲಿ.